ಮಡಚುವ ಚಾಕುವಿನ ಕೀಲು: ಮೊದಲು ಕೊಳೆ ತೆಗಿ, ಆಮೇಲೆ ಎಣ್ಣೆ ಹಾಕು



ಹೋದ ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ನನ್ನ ಬಲಗೈ ತೋರುಬೆರಳಿಗೆ ಮೂರು ಹೊಲಿಗೆ ಬಿದ್ದಿದ್ದು ನಮ್ಮ ತರಗತಿಯವರಿಗೆಲ್ಲ ಗೊತ್ತು. "ಅವರೆಕಾಯಿ ಆಸೆಗೆ ಬೆರಳು ಕೊಯ್ಕೊಂಡ" ಅಂತ ಎಷ್ಟೋ ಜನ ನಕ್ಕರು. ನಗಲಿ, ಬೇಜಾರಿಲ್ಲ. ಆದರೆ ಬೆರಳು ಕೊಯ್ದಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಒಬ್ಬರೇ ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದ ಮೇಲೆ, "ಇದನ್ನ ಹಾಗೇ ಬರೆದು ಗೋಡೆ ಪತ್ರಿಕೆಗೆ ಹಾಕು. ನಿಂಗೆ ಆದದ್ದು ಇನ್ನೊಬ್ಬರಿಗೆ ಆಗೋದು ಬೇಡ" ಅಂದರು. ಅದಕ್ಕೇ ಈ ಲೇಖನ.

ನಡೆದದ್ದು

ನಮ್ಮ ತಾತ ಮಾವಿನ ಗಿಡಕ್ಕೆ ಕಸಿ ಕಟ್ಟುತ್ತಾರೆ. ನಮ್ಮ ಶ್ರೀನಿವಾಸಪುರದ ಕಡೆ ಮಾವಿನ ತೋಪು ಇಲ್ಲದ ಊರು ಕಡಿಮೆ. ಮಳೆಗಾಲ ಬಂತು ಅಂದರೆ ನರ್ಸರಿಯವರು ತಾತನಿಗೆ ಹೇಳಿ ಕಳಿಸುತ್ತಾರೆ. ಓಟೆಯಿಂದ ಬೆಳೆದ ನಾಟಿ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಬಾದಾಮಿಯದೋ ಮಲ್ಲಿಕಾದ್ದೋ ಎಳೇ ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಸವರಿ ಆ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟುತ್ತಾರೆ. ಇದಕ್ಕೆ ಮೃದುಕಾಂಡ ಕಸಿ ಎಂದು ಹೆಸರು. ಸವರಿದ ಭಾಗ ಸುಮಾರು 3ರಿಂದ 4 ಸೆಂ.ಮೀ. ಉದ್ದ ಇರಬೇಕು, ಕನ್ನಡಿಯ ಹಾಗೆ ಮಟ್ಟವಾಗಿರಬೇಕು. ಅಲಗು ಸ್ವಲ್ಪ ಅಲ್ಲಾಡಿದರೂ ಮೇಲ್ಮೈ ಉಬ್ಬುತಗ್ಗಾಗಿ ಎರಡು ತೊಗಟೆಗಳ ಒಳಪದರ ಒಂದಕ್ಕೊಂದು ತಾಗುವುದಿಲ್ಲ. ಆಗ ಕಡ್ಡಿ ಒಣಗಿಹೋಗುತ್ತದೆ.

ಈ ಕೆಲಸಕ್ಕೆ ತಾತನ ಹತ್ತಿರ ಒಂದು ಮಡಚುವ ಚಾಕು ಇದೆ. ಹೊರಗೆ ಮರದ ಹಿಡಿ, ಒಳಗೆ ಹಿತ್ತಾಳೆ ತಗಡು, ಬೆರಳುದ್ದದ ಅಲಗು. ನಮ್ಮಪ್ಪ ಹುಟ್ಟುವ ಮುಂಚಿನದಂತೆ. ಮನೆಯಲ್ಲಿ ಅದನ್ನು ಯಾರೂ ಮುಟ್ಟೋ ಹಾಗಿಲ್ಲ. "ನಮ್ಮನೆ ಅನ್ನ ಇದರ ಬಾಯಲ್ಲೈತೆ ಕಣೋ" ಅಂತ ತಾತ ಹೇಳೋರು.

ಹೋದ ಶ್ರಾವಣದಲ್ಲಿ ತಾತನಿಗೆ ಮಂಡಿನೋವು ಜಾಸ್ತಿಯಾಯಿತು. ಕೆಲಸ ಅರ್ಧಕ್ಕೇ ಬಿಟ್ಟು ಬಂದವರು ಚಾಕುವನ್ನು ಹಾಗೇ ಗೂಡಿನಲ್ಲಿ ಎತ್ತಿಟ್ಟರು. ಒಂದು ದಿನ ನಾನು ಕದ್ದು ತೆಗೆದು ನೋಡಿದೆ. ತುಂಬಾ ಬಿಗಿಯಾಗಿತ್ತು. ತಾತನಿಗೆ ಸಹಾಯ ಮಾಡೋಣ ಅಂತ ಅಮ್ಮನ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆಯನ್ನು ಕೀಲಿಗೆ ಚೆನ್ನಾಗಿ ಸುರಿದೆ. ನಾಲ್ಕು ಸಲ ತೆರೆದು ಮುಚ್ಚಿದೆ. ಬೆಣ್ಣೆಯ ಹಾಗೆ ಆಯಿತು! ನಾನೇ ದೊಡ್ಡ ಮೆಕ್ಯಾನಿಕ್ಕು ಅಂದುಕೊಂಡು ಸುಮ್ಮನೆ ಇಟ್ಟುಬಿಟ್ಟೆ.

ಆಮೇಲೆ ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ, ಕೊರೆಯುವ ಚಳಿ. ಅವರೆಕಾಯಿ ಮೂಟೆಯ ಹುರಿ ಬಿಚ್ಚೋಕೆ ಬರಲಿಲ್ಲ. ಗೂಡಿನಿಂದ ಚಾಕು ತೆಗೆದೆ. ಉಗುರಿನಿಂದ ಎಳೆದೆ, ಅಲ್ಲಾಡಲಿಲ್ಲ. ಉಗುರು ಜಾರಿತು. ಸಿಟ್ಟು ಬಂದು ಅಲಗನ್ನೇ ಎರಡು ಬೆರಳಲ್ಲಿ ಚಿವುಟಿ ಹಿಡಿದು ಪೂರ್ತಿ ಬಲ ಹಾಕಿ ಎಳೆದೆ. ಅದು ಒಂದೇ ಸಲ ಬಿಟ್ಟುಕೊಂಡಿತು. ಬೆರಳು ಬಾಯಿಯ ಮೇಲೆ ಜಾರಿ ಹೋಯಿತು. ಮುಂದಿನದು ನಿಮಗೆ ಗೊತ್ತೇ ಇದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ತಾತ ನನ್ನನ್ನು ಬೈಯಲಿಲ್ಲ. ಚಾಕು ತಗೊಂಡು ಕೀಲನ್ನು ಮೂಸಿ ನೋಡಿದರು.

"ಕೊಬ್ಬರಿ ಎಣ್ಣೆ ಹಾಕಿದ್ದು ಯಾರು?"

"ನಾನೇ ತಾತ."

"ಕೊಳೆ ತೆಗೆದು ಹಾಕಿದ್ಯೋ, ಕೊಳೆ ಮೇಲೇ ಹಾಕಿದ್ಯೋ?"

ನಾನು ಮಾತಾಡಲಿಲ್ಲ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಿನ್ನೊಬ್ಬನ್ದೇ ತಪ್ಪಲ್ಲ ಬಿಡು. ಸೊನೆ ಒರೆಸದೆ ಎತ್ತಿಟ್ಟೋನು ನಾನು. ಐವತ್ತು ವರ್ಷದಲ್ಲಿ ಅದೊಂದೇ ಸಲ ಹಾಗೆ ಇಟ್ಟಿದ್ದು."

ಹದಿನೈದು ದಿನ ನನಗೆ ಪೆನ್ನು ಹಿಡಿಯಲು ಆಗಲಿಲ್ಲ. ಆ ದಿನಗಳಲ್ಲಿ ತಾತ ಚಾಕುವನ್ನು ಮತ್ತೆ ಸರಿ ಮಾಡಿದರು. ನಾನು ಪಕ್ಕದಲ್ಲಿ ಕೂತು ಎಡಗೈಯಲ್ಲಿ ಬಟ್ಟೆ ಕೊಟ್ಟೆ, ಎಣ್ಣೆ ಕೊಟ್ಟೆ, ಕಣ್ಣು ಬಿಟ್ಟು ನೋಡಿದೆ. ನೋಡಿದ್ದನ್ನು ಮೇಷ್ಟ್ರ ಹತ್ತಿರ ಹೇಳಿ ಕಾರಣ ಕೇಳಿ ತಿಳಿದುಕೊಂಡೆ. ಅದನ್ನೇ ಕೆಳಗೆ ಬರೆದಿದ್ದೇನೆ.

ಚಾಕುವಿನ ಭಾಗಗಳು

ಮಡಚುವ ಚಾಕುವಿನಲ್ಲಿ ಮುಖ್ಯವಾಗಿ ಐದು ಭಾಗಗಳಿವೆ.

1. ಅಲಗು: ಕೊಯ್ಯುವ ಭಾಗ. ಇದರ ಮೇಲೆ ಉಗುರು ಸಿಕ್ಕಿಸಿ ಎಳೆಯಲು ಒಂದು ಸಣ್ಣ ಗೀರು ಇರುತ್ತದೆ.
2. ಅಲಗಿನ ಬುಡ: ಹಿಡಿಯೊಳಗೆ ಇರುವ ದಪ್ಪ ಭಾಗ. ಇದರಲ್ಲಿ ಒಂದು ತೂತು ಇರುತ್ತದೆ.
3. ಕೀಲುಮೊಳೆ: ಆ ತೂತಿನಲ್ಲಿ ಹಾಯ್ದು ಹೋಗುವ ಮೊಳೆ. ಅಲಗು ತಿರುಗುವುದು ಇದರ ಸುತ್ತ. ಹಳೇ ಚಾಕುಗಳಲ್ಲಿ ಇದನ್ನು ಎರಡೂ ಕಡೆ ಬಡಿದು ರಿವೆಟ್ ಮಾಡಿರುತ್ತಾರೆ. ಹೊಸ ಚಾಕುಗಳಲ್ಲಿ ಕೆಲವಕ್ಕೆ ಸ್ಕ್ರೂ ಇರುತ್ತದೆ.
4. ಬೆನ್ನಿನ ಪಟ್ಟಿ: ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಸ್ಪ್ರಿಂಗು. ಇದು ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಚಾಕು ತೆರೆದಾಗ ತೆರೆದೇ ಇರುವುದು, ಮುಚ್ಚಿದಾಗ ಟಕ್ ಅಂತ ಮುಚ್ಚುವುದು ಇದರಿಂದಲೇ.
5. ಹಿಡಿ: ಹೊರಗೆ ಮರ, ಕೊಂಬು ಅಥವಾ ಪ್ಲಾಸ್ಟಿಕ್. ಒಳಗೆ ಎರಡು ಕಡೆ ಲೋಹದ ತಗಡು.

ಕೆಲವು ಚಾಕುಗಳಲ್ಲಿ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಒಂದು ಕೊಂಡಿಯೂ ಇರುತ್ತದೆ.

ಅಲಗಿನ ಬುಡಕ್ಕೂ ಪಕ್ಕದ ತಗಡಿಗೂ ನಡುವೆ ಇರುವ ಸಂದು ತುಂಬಾ ಸಣ್ಣದು. ನಮ್ಮ ನೋಟ್ ಬುಕ್ಕಿನ ಒಂದು ಹಾಳೆಯೂ ಅದರಲ್ಲಿ ತೂರುವುದು ಕಷ್ಟ. ಇಡೀ ಕಥೆ ನಡೆಯುವುದು ಆ ಸಂದಿನಲ್ಲಿ.

ಕೀಲು ಯಾಕೆ ಬಿಗಿಯಾಗುತ್ತದೆ?

ಎರಡು ವಸ್ತುಗಳು ಒಂದಕ್ಕೊಂದು ತಾಗಿ ಚಲಿಸುವಾಗ ಘರ್ಷಣೆ ಉಂಟಾಗುತ್ತದೆ ಎಂದು ಎಂಟನೇ ತರಗತಿಯಲ್ಲಿ ಓದಿದ್ದೇವೆ. ಚಾಕುವಿನ ಕೀಲಿನಲ್ಲಿ ಘರ್ಷಣೆ ಮೂರು ಕಡೆ ಇದೆ: ಮೊಳೆಯ ಸುತ್ತ, ಬುಡದ ಎರಡು ಪಕ್ಕದಲ್ಲಿ, ಮತ್ತು ಬೆನ್ನಿನ ಪಟ್ಟಿ ಒತ್ತುವ ಜಾಗದಲ್ಲಿ. ಇವು ಶುದ್ಧವಾಗಿದ್ದಾಗ ಉಗುರಿನ ಬಲ ಸಾಕು. ಕೆಳಗಿನ ನಾಲ್ಕು ಶತ್ರುಗಳು ಬಂದರೆ ಸಾಕಾಗುವುದಿಲ್ಲ.

ಅ) ದೂಳು ಮತ್ತು ಜೇಬಿನ ಎಳೆ: ಚಾಕುವನ್ನು ಜೇಬಿನಲ್ಲಿ ಇಟ್ಟುಕೊಂಡರೆ ಬಟ್ಟೆಯ ನಾರು, ಬೀಡಿ ಪುಡಿ, ಮಣ್ಣು ಎಲ್ಲ ಒಳಗೆ ಸೇರುತ್ತವೆ.

ಆ) ಸೊನೆ ಮತ್ತು ಹಣ್ಣಿನ ರಸ: ಮಾವಿನ ಸೊನೆಯಲ್ಲಿ ನೀರಿನ ಜೊತೆಗೆ ಎಣ್ಣೆಯಂಥ ಅಂಶವೂ ಅಂಟೂ ಇವೆ. ಹಸಿಯಾಗಿದ್ದಾಗ ತೆಳ್ಳಗಿರುವುದರಿಂದ ಸಂದಿಗೆ ಇಳಿಯುತ್ತದೆ. ಒಣಗಿದ ಮೇಲೆ ಗೋಂದಿನ ಹಾಗೆ ಗಟ್ಟಿಯಾಗುತ್ತದೆ. ಸಪೋಟ, ಹಲಸು ಇವುಗಳ ಹಾಲೂ ಹೀಗೆಯೇ.

ಇ) ತುಕ್ಕು: ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸಿಕ್ಕಿದರೆ ತುಕ್ಕು ಹುಟ್ಟುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಮೊದಲೇ ಸಣ್ಣದಾದ ಸಂದಿನಲ್ಲಿ ಅದು ಉಬ್ಬಿದರೆ ಕೀಲು ಕಚ್ಚಿಕೊಳ್ಳುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಬೆವರಿನಲ್ಲಿ ಉಪ್ಪು ಇದೆ ಎನ್ನುವುದನ್ನು ಮರೆಯಬೇಡಿ.

ಈ) ಹಳೇ ಎಣ್ಣೆ: ಇದು ನನಗೆ ಆಶ್ಚರ್ಯ ತಂದ ವಿಷಯ. ಜಾರಲಿ ಅಂತ ಹಾಕಿದ ಎಣ್ಣೆಯೇ ಕೆಲವು ಸಲ ಅಂಟಾಗುತ್ತದೆ. ಇದರ ಬಗ್ಗೆ ಮುಂದೆ ಬರೆದಿದ್ದೇನೆ.

ಇನ್ನೊಂದು ಮುಖ್ಯ ವಿಷಯ. ಕೊಳೆ ತೆಗೆಯದೆ ಮೇಲೆ ಎಣ್ಣೆ ಹಾಕಿದರೆ ಏನಾಗುತ್ತದೆ? ಮಣ್ಣಿನ ಕಣ ಮತ್ತು ಎಣ್ಣೆ ಕಲೆತು ಹಿಟ್ಟಿನಂತಾಗುತ್ತವೆ. ಮೊದಲ ದಿನ ಸಲೀಸಾಗಿ ತಿರುಗುತ್ತದೆ, ನಮಗೆ ಖುಷಿಯಾಗುತ್ತದೆ. ಆದರೆ ತಿರುಗಿಸಿದಾಗಲೆಲ್ಲ ಆ ಹಿಟ್ಟು ಸಾಣೆಕಲ್ಲಿನ ಕೆಲಸ ಮಾಡಿ ಮೊಳೆಯನ್ನೂ ತೂತನ್ನೂ ಸವೆಸುತ್ತದೆ. ಕೊನೆಗೆ ಅಲಗು ಲೊಡಲೊಡ ಅಲ್ಲಾಡುತ್ತದೆ. ಅಂಥ ಚಾಕುವಿನಲ್ಲಿ ಕಸಿ ಕಟ್ಟಲು ಆಗುವುದಿಲ್ಲ. ಆದ್ದರಿಂದ ಮೊದಲು ಕೊಳೆ ತೆಗೆಯಬೇಕು, ಆಮೇಲೆ ಎಣ್ಣೆ ಹಾಕಬೇಕು. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು

ಹಳೇ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ ಅಥವಾ ಬೆಂಕಿಕಡ್ಡಿ, ಹಳೇ ಹತ್ತಿ ಬಟ್ಟೆ (ಪಂಚೆ ತುಂಡು ಒಳ್ಳೆಯದು), ಸೋಪಿನ ಬಿಸಿ ನೀರು, ನಾಲ್ಕೈದು ತೊಟ್ಟು ಸೀಮೆ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ. ಮಿಷನ್ ಎಣ್ಣೆ ನಮ್ಮೂರ ಟೈಲರ್ ಅಂಗಡಿಯಲ್ಲಿ ಕೇಳಿದರೆ ಒಂದು ಮುಚ್ಚಳದಷ್ಟು ಕೊಡುತ್ತಾರೆ. ಅಷ್ಟು ನಮಗೆ ವರ್ಷಕ್ಕೆ ಸಾಕು. ಸೀಮೆ ಎಣ್ಣೆ ಈಗ ಮುಂಚಿನ ಹಾಗೆ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಏನು ಮಾಡಬೇಕು ಎಂದು ಕೆಳಗೆ ಹೇಳಿದ್ದೇನೆ.

ಮಾಡುವ ವಿಧಾನ

ಎಚ್ಚರಿಕೆ: ಈ ಕೆಲಸವನ್ನು ಮನೆಯ ದೊಡ್ಡವರ ಮುಂದೆ ಮಾತ್ರ ಮಾಡಬೇಕು. ಬೆಳಕಿರುವ ಜಾಗದಲ್ಲಿ ನೆಲದ ಮೇಲೆ ಕೂತು ಮಾಡಬೇಕು. ಚಿಕ್ಕ ಮಕ್ಕಳು ಹತ್ತಿರ ಇರಬಾರದು. ಚಾಕುವನ್ನು ಶಾಲೆಗೆ ಖಂಡಿತ ತರಬಾರದು.

1. ಬಿಗಿಯಾದ ಚಾಕುವನ್ನು ಬಲ ಹಾಕಿ ತೆರೆಯಬೇಡಿ. ಮೊದಲು ಮುಚ್ಚಿದ ಹಾಗೇ ಕೀಲಿನ ಎರಡೂ ಪಕ್ಕಕ್ಕೆ ಎರಡೆರಡು ತೊಟ್ಟು ಸೀಮೆ ಎಣ್ಣೆ ಬಿಟ್ಟು ಕಾಲು ಗಂಟೆ ಇಡಿ. ಅಂಟು ಮೆತ್ತಗಾಗುತ್ತದೆ. ನಾನು ಅವತ್ತು ಈ ಕಾಲು ಗಂಟೆ ಕಾದಿದ್ದರೆ ಬೆರಳು ಉಳಿಯುತ್ತಿತ್ತು.

2. ಆಮೇಲೆ ನಿಧಾನವಾಗಿ ಉಗುರು ಗೀರಿನಿಂದ ತೆರೆಯಿರಿ. ಬರದಿದ್ದರೆ ಮತ್ತೆ ಎರಡು ತೊಟ್ಟು ಬಿಟ್ಟು ಮತ್ತೆ ಕಾಯಿರಿ. ಅಲಗಿನ ಬಾಯಿಯ ಕಡೆ ಬೆರಳು ಇಡಲೇಬಾರದು. ತೆರೆದ ಕೂಡಲೇ ಬಾಯಿಗೆ ಬಟ್ಟೆ ಮಡಿಚಿ ಸುತ್ತಿ ದಾರ ಕಟ್ಟಿ. ತಾತ ಹಳೇ ಸೈಕಲ್ ಟ್ಯೂಬಿನ ತುಂಡನ್ನು ತೊಡಿಸುತ್ತಾರೆ.

3. ಹಿಡಿಯ ಒಳಗಿನ ಕಾಲುವೆಯನ್ನು ಒಣ ಬ್ರಷ್ಷಿನಿಂದ ಉಜ್ಜಿ. ಮೂಲೆಯಲ್ಲಿ ಗಟ್ಟಿಯಾದ ಕೊಳೆಯನ್ನು ಬಿದಿರಿನ ಕಡ್ಡಿಯಿಂದ ಕೆದಕಿ. ಸೂಜಿ, ಮೊಳೆ ಬೇಡ. ಹಿತ್ತಾಳೆಗೆ ಗೀರು ಬೀಳುತ್ತದೆ. ಚಾಕುವಿಗೆ ತಡೆಯುವ ಕೊಂಡಿ ಇದ್ದರೆ ಅದರ ಹಿಂದೆಯೂ ಕೆದಕಿ. ಅಲ್ಲಿ ಕೊಳೆ ಕೂತರೆ ಕೊಂಡಿ ಪೂರ್ತಿ ಬೀಳುವುದಿಲ್ಲ, ಕೆಲಸ ಮಾಡುವಾಗ ಅಲಗು ಕೈ ಮೇಲೆ ಮಡಚಿಕೊಳ್ಳುತ್ತದೆ.

4. ಈಗ ಕೀಲಿಗೆ ಒಂದೆರಡು ತೊಟ್ಟು ಸೀಮೆ ಎಣ್ಣೆ ಬಿಟ್ಟು ಅಲಗನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಆಡಿಸಿ. ಸಂದಿನಿಂದ ಕಪ್ಪು ನೀರು ಬರುತ್ತದೆ. ಬಿಳಿ ಬಟ್ಟೆಯಿಂದ ಒರೆಸಿ. ಮತ್ತೆ ಬಿಡಿ, ಆಡಿಸಿ, ಒರೆಸಿ. ಬಟ್ಟೆಗೆ ಕಪ್ಪು ಅಂಟುವುದು ನಿಲ್ಲುವವರೆಗೆ ಮಾಡಿ. ತಾತನ ಚಾಕುವಿಗೆ ಏಳು ಸಲ ಬೇಕಾಯಿತು. ಆರನೇ ಸಲಕ್ಕೆ ನಾನು "ಸಾಕು ತಾತ" ಅಂದೆ. "ಬಟ್ಟೆ ಹೇಳ್ಬೇಕು ಸಾಕು ಅಂತ, ನೀನಲ್ಲ" ಅಂದರು.

5. ಸೀಮೆ ಎಣ್ಣೆ ಇಲ್ಲದವರು ಕೀಲಿಗೆ ಎರಡು ತೊಟ್ಟು ಅಡುಗೆ ಎಣ್ಣೆ ಬಿಟ್ಟು ಕಾಲು ಗಂಟೆ ಬಿಡಬೇಕು. ಹಲಸಿನಹಣ್ಣು ಬಿಡಿಸುವ ಮುಂಚೆ ಅಜ್ಜಿ ಕೈಗೆ ಎಣ್ಣೆ ಸವರಿಕೊಳ್ಳುವುದನ್ನು ನೋಡಿದ್ದೀರಲ್ಲ? ಅದೇ ತತ್ವ. ನೀರಿಗೆ ಜಗ್ಗದ ಅಂಟು ಎಣ್ಣೆಗೆ ಬಿಡುತ್ತದೆ. ಆಮೇಲೆ ಆ ಎಣ್ಣೆಯನ್ನೂ ಸೋಪಿನ ನೀರಿನಿಂದ ಪೂರ್ತಿ ತೊಳೆಯಬೇಕು.

6. ಬ್ರಷ್ಷನ್ನು ಸೋಪಿನ ಬಿಸಿ ನೀರಿನಲ್ಲಿ ಅದ್ದಿ ಕೀಲು, ಅಲಗು, ಕಾಲುವೆ ಎಲ್ಲ ತೊಳೆಯಿರಿ. ಪ್ಲಾಸ್ಟಿಕ್ ಅಥವಾ ಲೋಹದ ಹಿಡಿಯಾದರೆ ನೀರಿನಲ್ಲಿ ಮುಳುಗಿಸಬಹುದು. ಮರದ ಹಿಡಿಯನ್ನು ಮುಳುಗಿಸಬಾರದು. ನೀರು ಕುಡಿದ ಮರ ಉಬ್ಬುತ್ತದೆ. ನಮ್ಮ ಮನೆಯ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ, ಹಾಗೆ.

7. ಶುದ್ಧ ನೀರಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಿ, ತೆರೆದ ಚಾಕುವನ್ನು ಮಕ್ಕಳ ಕೈಗೆ ಎಟುಕದ ಕಡೆ ಗಾಳಿಗೆ ಇಡಿ. ಕಾಲುವೆಯೊಳಗೆ ಹನಿ ನೀರೂ ಉಳಿಯಬಾರದು. ಅವಸರದಲ್ಲಿ ನೀರಿನ ಮೇಲೆ ಎಣ್ಣೆ ಹಾಕಿದರೆ ನೀರು ಒಳಗೇ ಸಿಕ್ಕಿಕೊಂಡು ತುಕ್ಕು ಹಿಡಿಸುತ್ತದೆ. ಒಂದು ಇಡೀ ಮಧ್ಯಾಹ್ನ ಒಣಗಲಿ.

8. ಈಗ ಎಣ್ಣೆ. ಬಿದಿರಿನ ಕಡ್ಡಿಯ ತುದಿಯನ್ನು ಮಿಷನ್ ಎಣ್ಣೆಯಲ್ಲಿ ಅದ್ದಿ, ಕೀಲಿನ ಒಂದು ಪಕ್ಕಕ್ಕೆ ಒಂದು ತೊಟ್ಟು, ಇನ್ನೊಂದು ಪಕ್ಕಕ್ಕೆ ಒಂದು ತೊಟ್ಟು, ಬೆನ್ನಿನ ಪಟ್ಟಿ ಬುಡವನ್ನು ಒತ್ತುವ ಕಡೆ ಅರ್ಧ ತೊಟ್ಟು. ಅಷ್ಟೇ. ಸಣ್ಣ ಸಂದು ಎಣ್ಣೆಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ದೀಪದ ಬತ್ತಿ ಎಣ್ಣೆ ಹೀರುವುದೂ ಇದೇ ಕಾರಣದಿಂದ. ಇದನ್ನು ಕೇಶಾಕರ್ಷಣ ಎನ್ನುತ್ತಾರೆ.

9. ಬಾಯಿಗೆ ಸುತ್ತಿದ ಬಟ್ಟೆ ಬಿಚ್ಚಿ, ಬೆರಳುಗಳನ್ನು ಅಲಗು ಬೀಳುವ ದಾರಿಯಿಂದ ದೂರ ಇಟ್ಟು, ಇಪ್ಪತ್ತು ಮೂವತ್ತು ಸಲ ನಿಧಾನವಾಗಿ ತೆರೆದು ಮುಚ್ಚಿ. ಮೊದಲು ಸ್ವಲ್ಪ ಕಪ್ಪು ಬಂದರೆ ಒರೆಸಿ, ಇನ್ನೊಂದು ತೊಟ್ಟು ಬಿಡಿ.

10. ಹೊರಗೆ ಉಳಿದ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಹೊರಗಿನ ಎಣ್ಣೆಯಿಂದ ಉಪಯೋಗವಿಲ್ಲ, ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಅಲಗಿನ ಮೇಲೆ ಎಣ್ಣೆ ಉಳಿದರೆ ಕಸಿಯ ಗಾಯಕ್ಕೆ ತಾಗಿ ಕಡ್ಡಿ ಕೂಡಿಕೊಳ್ಳುವುದಿಲ್ಲ ಎಂದು ತಾತ ಹೇಳುತ್ತಾರೆ. ಹಣ್ಣು ತರಕಾರಿ ಕೊಯ್ಯುವ ಚಾಕುವಾದರೆ ಅಲಗನ್ನು ಸೋಪು ಹಾಕಿ ತೊಳೆದು ಒರೆಸಿಯೇ ಉಪಯೋಗಿಸಬೇಕು. ಮಿಷನ್ ಎಣ್ಣೆ ಹೊಟ್ಟೆಗೆ ಹೋಗಬಾರದು.

ಯಾವ ಎಣ್ಣೆ ಒಳ್ಳೆಯದು?

ಇದನ್ನು ನಾವು ಶಾಲೆಯಲ್ಲೇ ಪರೀಕ್ಷೆ ಮಾಡಿದೆವು. ಮೇಷ್ಟ್ರು ಒಂದು ಗಾಜಿನ ಚೂರಿನ ಮೇಲೆ ಮೂರು ಕಡೆ ಮೂರು ಎಣ್ಣೆ ತೆಳ್ಳಗೆ ಸವರಿಸಿದರು: ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿಷನ್ ಎಣ್ಣೆ. ಒಂದು ತಿಂಗಳು ಪ್ರಯೋಗಾಲಯದ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟೆವು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕಡ್ಡಿಯಿಂದ ಮುಟ್ಟಿ ನೋಡಿ ಬರೆದುಕೊಂಡೆ.

ಕೊಬ್ಬರಿ ಎಣ್ಣೆ ಚಳಿಯ ಬೆಳಿಗ್ಗೆಗಳಲ್ಲಿ ಬೆಳ್ಳಗೆ ಗಟ್ಟಿಯಾಗಿರುತ್ತಿತ್ತು, ಮಧ್ಯಾಹ್ನ ಕರಗುತ್ತಿತ್ತು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನನ್ನ ಬೆರಳು ಕೊಯ್ದ ಬೆಳಿಗ್ಗೆ ಕೀಲಿನೊಳಗೆ ಆಗಿದ್ದೂ ಇದೇ: ಹೆಪ್ಪುಗಟ್ಟಿದ ಎಣ್ಣೆ, ಅದರ ಜೊತೆಗೆ ಶ್ರಾವಣದ ಸೊನೆ.

ಸೂರ್ಯಕಾಂತಿ ಎಣ್ಣೆ ದಿನ ಕಳೆದ ಹಾಗೆ ಅಂಟಂಟಾಯಿತು. ಗಾಳಿಯ ಆಮ್ಲಜನಕ ಸೇರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ದೋಸೆ ಹಂಚಿನ ಅಂಚಿನಲ್ಲಿ, ಎಣ್ಣೆ ಡಬ್ಬದ ಮೂತಿಯಲ್ಲಿ ಅಂಟು ಕಟ್ಟುವುದು ಇದರಿಂದಲೇ.

ಮಿಷನ್ ಎಣ್ಣೆ ಮೊದಲ ದಿನ ಹೇಗಿತ್ತೋ ಕೊನೆಯ ದಿನವೂ ಹಾಗೇ ಜಾರುತ್ತಿತ್ತು. ಅದು ಕಚ್ಚಾ ತೈಲದಿಂದ ತೆಗೆದ ಖನಿಜ ಎಣ್ಣೆ. ಬೇಗ ಕೆಡುವುದಿಲ್ಲ, ತೆಳ್ಳಗಿರುವುದರಿಂದ ಸಂದಿಗೆ ಸಲೀಸಾಗಿ ಇಳಿಯುತ್ತದೆ.

ಸೀಮೆ ಎಣ್ಣೆಯನ್ನೇ ಬಿಟ್ಟುಬಿಟ್ಟರೆ ಆಗದೇ ಎಂದು ಕೆಲವರು ಕೇಳಬಹುದು. ಆಗದು. ಅದು ತೊಳೆಯುವುದಕ್ಕೆ ಒಳ್ಳೆಯದು. ತುಂಬಾ ತೆಳ್ಳಗಿರುವುದರಿಂದ ಲೋಹಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ, ಸ್ವಲ್ಪ ದಿನಕ್ಕೆ ಆರಿಹೋಗುತ್ತದೆ.

ಎತ್ತಿನಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಈ ಕೆಲಸಕ್ಕೆ ಬರುವುದಿಲ್ಲವೇ ಎಂದು ನಾನೂ ಕೇಳಿದೆ. ಅದು ದಪ್ಪ. ಗಾಡಿಯ ಭಾರ ಹೊರುವುದಕ್ಕೆ ದಪ್ಪವೇ ಬೇಕು. ಚಾಕುವಿನ ಸಂದಿಗೆ ಅದು ಇಳಿಯುವುದೇ ಇಲ್ಲ. ಕೀಲು ನೋಡಿ ಎಣ್ಣೆ ಎನ್ನಬಹುದು.

ಮಾಡಬಾರದ ಕೆಲಸಗಳು

* ರಿವೆಟ್ ಮಾಡಿದ ಕೀಲುಮೊಳೆಯನ್ನು ಬಡಿದು ತೆಗೆಯಬಾರದು. ಮತ್ತೆ ಮೊದಲಿನಂತೆ ಕೂರಿಸುವುದು ನಮ್ಮಿಂದ ಆಗದು. ಅಲಗು ಅಲ್ಲಾಡುತ್ತಿದ್ದರೆ ಕಮ್ಮಾರರಿಗೆ ತೋರಿಸಿ.
* ಸ್ಕ್ರೂ ಇರುವ ಚಾಕುವನ್ನೂ ಮೊದಲೇ ಬಿಚ್ಚುವ ಅಗತ್ಯವಿಲ್ಲ. ಬಿಚ್ಚದೆ ತೊಳೆದರೆ ಬಹುತೇಕ ಸರಿಹೋಗುತ್ತದೆ.
* ಅಲಗನ್ನು ಬೂದಿಯಿಂದ ಉಜ್ಜುವವರು ಕೀಲಿಗೆ ಬೂದಿ ಹೋಗದಂತೆ ನೋಡಿಕೊಳ್ಳಬೇಕು. ಬೂದಿಯ ಕಣ, ಮರಳಿನ ಕಣ ಎರಡೂ ಕೀಲನ್ನು ತಿನ್ನುತ್ತವೆ.
* ಸೀಮೆ ಎಣ್ಣೆ ಉಪಯೋಗಿಸುವಾಗ ಒಲೆ, ದೀಪ, ಬೀಡಿ ಹತ್ತಿರ ಇರಬಾರದು. ಪೆಟ್ರೋಲು ಬೇಡವೇ ಬೇಡ.
* ಬಿಗಿಯಾದ ಕೀಲನ್ನು ಬೆಂಕಿಗೆ ಹಿಡಿಯಬಾರದು. ಅಲಗಿನ ಹದ ಹಾಳಾಗುತ್ತದೆ.

ನಿಮಗೆ ಗೊತ್ತೇ?

1890ರಲ್ಲಿ ಫ್ರಾನ್ಸಿನ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬುವವರು ರೈತರಿಗೆಂದು ಮರದ ಹಿಡಿಯ ಒಂದು ಸರಳ ಮಡಚುವ ಚಾಕು ಮಾಡಿದರು. ಅದು ಈಗಲೂ ತಯಾರಾಗುತ್ತಿದೆ. ಅದರ ಹಿಡಿ ಒದ್ದೆಯಾದರೆ ಮರ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ. ಒಣಗಿದರೆ ಮತ್ತೆ ಸಡಿಲವಾಗುತ್ತದೆ. ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರವನ್ನು 1955ರಲ್ಲಿ ಸೇರಿಸಿದರು.

ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸನರ್ 1891ರಲ್ಲಿ ಅಲ್ಲಿನ ಸೈನಿಕರಿಗೆ ಮಡಚುವ ಚಾಕುಗಳನ್ನು ಒದಗಿಸಿದರು. ಅವರ ಕಂಪನಿಗೆ 1921ರಲ್ಲಿ ವಿಕ್ಟೋರಿನಾಕ್ಸ್ ಎಂಬ ಹೆಸರು ಬಂತು. ಅದರಲ್ಲಿ 'ವಿಕ್ಟೋರಿಯಾ' ಎಂಬುದು ಅವರ ತಾಯಿಯ ಹೆಸರು, 'ಇನಾಕ್ಸ್' ಎಂದರೆ ತುಕ್ಕು ಹಿಡಿಯದ ಉಕ್ಕು. ಉಕ್ಕಿಗೆ ಸಾಕಷ್ಟು ಕ್ರೋಮಿಯಂ ಬೆರೆಸಿದರೆ ಅದು ತುಕ್ಕನ್ನು ತಡೆಯುತ್ತದೆ. ಆದರೆ ಸ್ಟೀಲ್ ಚಾಕುವಿನ ಕೀಲಿಗೂ ಕೊಳೆ, ಅಂಟು ಬಿಡುವುದಿಲ್ಲ. ಅದಕ್ಕೂ ಎಣ್ಣೆ ಬೇಕು.

ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ರಾಂಪುರ ಮಡಚುವ ಚಾಕುಗಳಿಗೆ ಹೆಸರಾದ ಊರು.

ಮನೆಯಲ್ಲಿ ಮಾಡಿ ನೋಡಿ

ಚಾಕು ಇಲ್ಲದವರಿಗೆ ಅಜ್ಜಿಯ ಅಡಕತ್ತರಿ ಇದ್ದೇ ಇರುತ್ತದೆ. ಅದಕ್ಕೂ ಒಂದೇ ಕೀಲು. ಅಜ್ಜಿಯನ್ನು ಕೇಳಿ, ಅವರ ಕೈಯಲ್ಲೇ ಮಾಡಿಸಿ. ಅಡಕತ್ತರಿಯ ಕೆಳಗಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಮೇಲಿನ ಹಿಡಿಯನ್ನು ಎತ್ತಿ ಬಿಡಲಿ. ಅದು ತನ್ನ ಭಾರಕ್ಕೆ ತಾನೇ ಬೀಳುತ್ತದೆಯೋ, ನಡುವೆ ನಿಲ್ಲುತ್ತದೆಯೋ ನೋಡಿ. ಆಮೇಲೆ ಬ್ರಷ್ಷು, ಬಿಸಿ ನೀರು, ಒಣ ಬಟ್ಟೆಯಿಂದ ಕೀಲನ್ನು ಶುದ್ಧ ಮಾಡಿ. ಮತ್ತೆ ಎತ್ತಿ ಬಿಡಲಿ. ಎಣ್ಣೆ ಹಾಕುವ ಮುಂಚೆಯೇ ಎಷ್ಟು ವ್ಯತ್ಯಾಸ ಆಗಿದೆ ಎಂದು ನಿಮಗೇ ಗೊತ್ತಾಗುತ್ತದೆ. ನಮ್ಮಜ್ಜಿಯ ಅಡಕತ್ತರಿ ಹೀಗೆ ಮಾಡಿದ ಮೇಲೆ ಖಟ್ ಅಂತ ಬಿತ್ತು. ಅಡಿಕೆ ಬಾಯಿಗೆ ಹೋಗುವ ವಸ್ತುವಾದ್ದರಿಂದ ಇದಕ್ಕೆ ಮಿಷನ್ ಎಣ್ಣೆ ಬೇಡ. ಒಂದು ತೊಟ್ಟು ಅಡುಗೆ ಎಣ್ಣೆ ಹಾಕಿ, ತಿಂಗಳಿಗೊಮ್ಮೆ ತೊಳೆದು ಹೊಸದಾಗಿ ಹಾಕಿದರೆ ಸಾಕು.

ಉತ್ತರ ಹೇಳಿ

1. ತುಕ್ಕು ಹಿಡಿಯಲು ಬೇಕಾದ ಎರಡು ವಸ್ತುಗಳು ಯಾವುವು?
2. ಕೊಳೆಯ ಮೇಲೆ ಎಣ್ಣೆ ಹಾಕಿದರೆ ಕೀಲುಮೊಳೆ ಯಾಕೆ ಸವೆಯುತ್ತದೆ?
3. ಮೇ ತಿಂಗಳಲ್ಲಿ ಸಲೀಸಾಗಿದ್ದ ಕೊಬ್ಬರಿ ಎಣ್ಣೆಯ ಕೀಲು ಜನವರಿಯಲ್ಲಿ ಯಾಕೆ ಬಿಗಿಯಾಗುತ್ತದೆ?
4. ದೀಪದ ಬತ್ತಿಗೂ ಚಾಕುವಿನ ಕೀಲಿಗೂ ಇರುವ ಹೋಲಿಕೆ ಏನು?

(ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಕ್ಕೆ ಹಾಕಿ.)

ಕೊನೆಯ ಮಾತು

ಬಿಗಿಯಾದ ಕೀಲು ನಮಗೆ ಏನೋ ಹೇಳುತ್ತಿರುತ್ತದೆ. "ನನ್ನೊಳಗೆ ಏನೋ ಸೇರಿಕೊಂಡಿದೆ, ನೋಡು" ಅನ್ನುತ್ತದೆ. ನಾನು ಅದನ್ನು ಕೇಳದೆ ಬಲ ಹಾಕಿದೆ. ತಾತ ಮೂಸಿ ನೋಡಿದರು. ಇಬ್ಬರಿಗೂ ಇರುವ ವ್ಯತ್ಯಾಸ ಅಷ್ಟೇ. ಸೈಕಲ್ ಚೈನು, ಬಾವಿಯ ರಾಟೆ, ಬಾಗಿಲ ತಿರುಗಣಿ, ಟೈಲರ್ ಕತ್ತರಿ ಎಲ್ಲಕ್ಕೂ ಇದೇ ಪಾಠ.

ನನ್ನ ಬೆರಳು ಈಗ ವಾಸಿಯಾಗಿದೆ. ತುದಿಯಲ್ಲಿ ಒಂದು ಬಿಳಿ ಗೀಟು ಉಳಿದಿದೆ. ಹದಿನೈದು ದಿನ ನನ್ನ ನೋಟ್ಸ್ ಬರೆದುಕೊಟ್ಟ ಗೆಳೆಯರಿಗೆ ವಂದನೆಗಳು. ಮಳೆ ಬಂದರೆ ತಾತ ಮತ್ತೆ ನರ್ಸರಿಗೆ ಹೋಗುತ್ತಾರೆ. ಮೊನ್ನೆ ಕರೆದು, "ಕಸಿ ಕಟ್ಟೋದು ಇನ್ನೆರಡು ವರ್ಷ ಆದ್ಮೇಲೆ ಕಲಿ. ಈಗ ಸಾಯಂಕಾಲ ನಾನು ಬಂದ ಮೇಲೆ ಚಾಕು ಒರೆಸಿ ಎಣ್ಣೆ ಬಿಡೋ ಕೆಲಸ ನಿಂದು" ಅಂದರು. ಯಾರೂ ಮುಟ್ಟೋ ಹಾಗಿಲ್ಲದ ಚಾಕುವನ್ನು ತಾತ ನನ್ನ ಕೈಗೆ ಕೊಟ್ಟಿದ್ದಾರೆ. ನನಗೆ ಅಷ್ಟು ಸಾಕು.

ಲೇಖನದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ವಿನಂತಿ. ಇಲ್ಲಿಗೆ ಮುಗಿಸುತ್ತೇನೆ.

— ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ